ಉತ್ತರ ನಿಲ್ಲಬೇಕಾದ ಜಾಗ: ಎಡಿಎಚ್‌ಡಿ ಇರುವವಳ ಪ್ರವೇಶ ಸಂದರ್ಶನದ ತಯಾರಿ

ಬೆಂಗಳೂರಿನಲ್ಲಿ ವಿಜ್ಞಾನ ವಿಭಾಗದಲ್ಲಿ ಪಿಯುಸಿ ಓದುವ ಬಹುತೇಕರಿಗೆ ಕಾಲೇಜು ಸೇರುವ ದಾರಿಯಲ್ಲಿ ಎಲ್ಲಿಯೂ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ. ಒಎಂಆರ್ ಹಾಳೆಯ ವೃತ್ತಗಳನ್ನು ತುಂಬಿ ಬಂದರೆ ಆಮೇಲಿನದೆಲ್ಲ ರ‍್ಯಾಂಕು, ಆಪ್ಷನ್ ಎಂಟ್ರಿ ಮತ್ತು ಸೀಟು ಹಂಚಿಕೆ. ನಮ್ಮ ಮನೆಯವರೂ ಅದನ್ನೇ ನಿರೀಕ್ಷಿಸಿದ್ದರು. ಆದರೆ ನಾನು ಸೇರಬೇಕೆಂದಿದ್ದುದು ಇತಿಹಾಸವನ್ನೂ ಪರಿಸರ ಅಧ್ಯಯನವನ್ನೂ ಒಟ್ಟಿಗೆ ಕಲಿಸುವ ಒಂದು ಪದವಿಗೆ, ಅದೂ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮೂವರು ಅಧ್ಯಾಪಕರ ಎದುರು ಕುಳಿತು ಸುಮಾರು ಅರ್ಧ ಗಂಟೆ ಮಾತನಾಡಬೇಕು. ಮೂರು ಗಂಟೆ ಕುಳಿತು ಬರೆಯುವ ಪರೀಕ್ಷೆಗಿಂತ ಆ ಅರ್ಧ ಗಂಟೆಯೇ ನನ್ನಿಂದ ಹೆಚ್ಚು ತಯಾರಿಯನ್ನು ಬೇಡಿತು.

ನನಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇದೆ ಎಂದು ತಿಳಿದದ್ದು ಮೊದಲ ಪಿಯುಸಿ ಮುಗಿದ ಬೇಸಿಗೆಯಲ್ಲಿ. ಇದನ್ನು ಪತ್ತೆಹಚ್ಚಲು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಇಲ್ಲ. ಮನೋವೈದ್ಯರು ನನ್ನೊಡನೆ ಒಮ್ಮೆ, ಅಪ್ಪ ಅಮ್ಮನೊಡನೆ ಪ್ರತ್ಯೇಕವಾಗಿ ಇನ್ನೊಮ್ಮೆ ಮಾತನಾಡಿದರು. ಪ್ರಾಥಮಿಕ ಶಾಲೆಯ ಪ್ರಗತಿ ಪತ್ರಗಳಿದ್ದರೆ ತನ್ನಿ ಎಂದರು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದವೇ, ಶಾಲೆಯೊಂದರಲ್ಲೇ ಅಲ್ಲದೆ ಮನೆಯಲ್ಲೂ ಕಾಣಿಸುತ್ತಿದ್ದವೇ ಎಂಬುದು ಅವರಿಗೆ ಮುಖ್ಯವಾಗಿತ್ತು. ‘ಚುರುಕಾಗಿದ್ದಾಳೆ, ಗಮನ ಸಾಲದು’ ಎಂಬ ಷರಾ ಆ ಪತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ, ಬೇರೆ ಬೇರೆ ಟೀಚರುಗಳ ಕೈಬರಹದಲ್ಲಿ ಇತ್ತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯಲ್ಲಿ ಗಮನದ ಕೊರತೆಗೆ ಒಂಬತ್ತು, ಅತಿ ಚಟುವಟಿಕೆ ಮತ್ತು ದುಡುಕಿಗೆ ಒಂಬತ್ತು ಲಕ್ಷಣಗಳನ್ನು ಕೊಟ್ಟಿದ್ದಾರೆ. ಸಂದರ್ಶನಕ್ಕೆ ಕರೆ ಬಂದ ರಾತ್ರಿ ಆ ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ನೇರವಾಗಿ ಮಾತನಾಡಿಸುತ್ತಿದ್ದರೂ ಕೇಳಿಸಿಕೊಳ್ಳದಂತೆ ತೋರುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುವುದು, ಸರದಿಗೆ ಕಾಯಲಾಗದಿರುವುದು, ಅತಿಯಾಗಿ ಮಾತನಾಡುವುದು, ಕೈಕಾಲು ಆಡಿಸುತ್ತಲೇ ಇರುವುದು, ಅಗತ್ಯವಾದ ಕಾಗದಪತ್ರಗಳನ್ನು ಕಳೆದುಕೊಳ್ಳುವುದು. ಸಂದರ್ಶನದಲ್ಲಿ ಏನೇನು ಮಾಡಬಾರದು ಎಂದು ಯಾರನ್ನಾದರೂ ಕೇಳಿದ್ದರೆ ಅವರೂ ಇದೇ ಪಟ್ಟಿಯನ್ನು ಕೊಡುತ್ತಿದ್ದರು.

ಹಾಗಾಗಿ ಮೊದಲು ಅಪ್ಪನ ಸ್ನೇಹಿತರೊಬ್ಬರು ಹೇಳಿದ ತರಬೇತಿ ಸಂಸ್ಥೆಯೊಂದಕ್ಕೆ ಹೋದೆ. ಅಲ್ಲಿ ನಿರೀಕ್ಷಿತ ಪ್ರಶ್ನೆಗಳ ದಪ್ಪ ಪುಸ್ತಿಕೆಯೊಂದನ್ನು ಕೊಟ್ಟು, ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬರಲು ಹೇಳಿದರು. ನನ್ನ ತೊಂದರೆಯನ್ನು ವಿವರಿಸಿದಾಗ, ಅದೆಲ್ಲ ಈಗಿನ ಮಕ್ಕಳು ಸೋಮಾರಿತನಕ್ಕೆ ಇಟ್ಟುಕೊಂಡಿರುವ ಹೆಸರು ಎಂದು ಅಲ್ಲಿನ ಮೇಷ್ಟ್ರು ನಕ್ಕರು. ನಗುವಿಗಿಂತ ಬಾಯಿಪಾಠವೇ ನನಗೆ ಹೆಚ್ಚು ತೊಡಕಾಯಿತು. ಬಾಯಿಪಾಠ ಮಾಡಿದ ಉತ್ತರದಲ್ಲಿ ನಡುವೆ ಒಂದು ಪದ ಜಾರಿದರೆ ಅದರ ಮುಂದಿನದೆಲ್ಲ ನನ್ನ ತಲೆಯಿಂದ ಅಳಿಸಿಹೋಗುತ್ತದೆ. ಜಾರದೇ ಇದ್ದರೆ, ಕೇಳಿದ ಪ್ರಶ್ನೆ ಬೇರೆಯೇ ಆಗಿದ್ದರೂ ನಾನು ಕಲಿತ ಉತ್ತರವನ್ನೇ ಕೊನೆಯವರೆಗೆ ಒಪ್ಪಿಸಿಬಿಡುತ್ತೇನೆ. ಅಲ್ಲಿಗೆ ಹೋಗುವುದನ್ನು ಬೇಗನೆ ಬಿಟ್ಟೆ.

ಆಮೇಲೆ ನನ್ನನ್ನು ಕೂರಿಸಿಕೊಂಡವರು ನನ್ನ ಸೋದರತ್ತೆ. ಚಾಮರಾಜಪೇಟೆಯಲ್ಲಿರುವ ಅವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಹನುಮಂತನಗರದ ನಮ್ಮ ಮನೆಗೆ ಶಾಲೆ ಬಿಟ್ಟ ಮೇಲೆ ಬಂದು ಹೋಗುವಷ್ಟು ಹತ್ತಿರ. ಮೊದಲ ದಿನ ಅವರು ಊಟದ ಮೇಜಿನ ಆಚೆ ಕುಳಿತು, ‘ಬೆಂಗಳೂರಿನ ಕೆರೆಗಳ ಬಗ್ಗೆ ಓದಬೇಕು ಅಂತ ನಿನಗೆ ಯಾಕೆ ಅನ್ನಿಸಿತು?’ ಎಂದು ಕೇಳಿದರು. ಇದು ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ. ಮನೆಯ ಹತ್ತಿರದ ಕೆಂಪಾಂಬುಧಿ ಕೆರೆಯಿಂದ ಆರಂಭಿಸಿದೆ. ಅಲ್ಲಿಂದ ಧರ್ಮಾಂಬುಧಿಗೆ ಹೋಗಿ, ಆ ಕೆರೆಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ ಎಂದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದನ್ನು ಹೇಳಿದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ನಗರದೊಳಗಿನ ಕೆರೆಗಳನ್ನು ಕುಡಿಯುವ ನೀರಿಗೆ ನೆಚ್ಚುವುದು ಹೇಗೆ ಕಡಿಮೆಯಾಯಿತೆಂದು ವಿವರಿಸಿದೆ. ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿಸಿದವರ ಬಗ್ಗೆ ಒಂದಿಷ್ಟು ಸೇರಿಸಿ, ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡದ್ದಕ್ಕೆ ಬಂದು, ರಾಜಕಾಲುವೆಗಳಿಗೆ ಹೊರಳಿಕೊಂಡೆ. ಅತ್ತೆ ಕೈ ಎತ್ತಿ ತಡೆದರು.

‘ನಾನು ಕೇಳಿದ್ದು ಏನು, ಹೇಳು ನೋಡೋಣ.’

‘ಕೆರೆ ಬಗ್ಗೆ.’

‘ಕೆರೆ ಬಗ್ಗೆ ಏನು?’

ನನಗೆ ನೆನಪಿರಲಿಲ್ಲ. ‘ನೋಡು ಪುಟ್ಟಿ, ನೀನು ಹೇಳಿದ್ದರಲ್ಲಿ ತಪ್ಪು ಒಂದೂ ಇಲ್ಲ. ಆದರೆ ನಿನಗೆ ಯಾಕೆ ಆಸಕ್ತಿ ಅನ್ನೋದು ಅದರಲ್ಲಿ ಎಲ್ಲೂ ಬರಲೇ ಇಲ್ಲವಲ್ಲೇ’ ಎಂದರು. ಗಮನದ ಕೊರತೆ ಎಂದಾಕ್ಷಣ ಆಸಕ್ತಿಯಿಲ್ಲದ ವಿಷಯದಲ್ಲಿ ಮನಸ್ಸು ನಿಲ್ಲದಿರುವುದು ಎಂದಷ್ಟೇ ಹೆಚ್ಚಿನವರು ತಿಳಿಯುತ್ತಾರೆ. ಆಸಕ್ತಿಯಿರುವ ವಿಷಯದಲ್ಲಿ ಮನಸ್ಸನ್ನು ಹಿಂದಕ್ಕೆ ಕರೆದುಕೊಳ್ಳಲಾಗದಿರುವುದೂ ಅದೇ ತೊಂದರೆಯ ಇನ್ನೊಂದು ಮುಖ, ಮತ್ತು ಸಂದರ್ಶನದಲ್ಲಿ ಅಪಾಯವಿರುವುದು ಈ ಎರಡನೆಯದರಿಂದಲೇ. ಏಕೆಂದರೆ ಅಲ್ಲಿ ಕೇಳುವುದು ಬಹುಪಾಲು ನಮಗೆ ಇಷ್ಟವಾದ ಸಂಗತಿಗಳನ್ನೇ. ಹೀಗಾಗಿ ನನಗೆ ಬೇಕಾಗಿದ್ದುದು ಇನ್ನಷ್ಟು ಮಾಹಿತಿ ಅಲ್ಲ, ಉತ್ತರವನ್ನು ಎಲ್ಲಿ ನಿಲ್ಲಿಸಬೇಕೆಂಬುದರ ಅಭ್ಯಾಸ ಎಂದು ಆ ಸಂಜೆಯೇ ನಿಶ್ಚಯವಾಯಿತು. ಮುಂದಿನ ತಯಾರಿಯೆಲ್ಲ ಇದರ ಸುತ್ತಲೇ ನಡೆಯಿತು.

ಪ್ರತಿ ಪ್ರಶ್ನೆಗೂ ನಾನು ಉತ್ತರದ ಕೊನೆಯ ವಾಕ್ಯವೊಂದನ್ನು ಮಾತ್ರ ಸಿದ್ಧಪಡಿಸಿಕೊಂಡೆ. ಮೊದಲ ವಾಕ್ಯ ಆ ಹೊತ್ತಿಗೆ ಹೇಗೆ ಬರುತ್ತದೆಯೋ ಹಾಗೆ ಬರಲಿ, ನಡುವಿನದೂ ಬರಲಿ, ಆದರೆ ತಲುಪಬೇಕಾದ ಊರು ಯಾವುದೆಂದು ಹೊರಡುವಾಗಲೇ ಗೊತ್ತಿರಬೇಕು. ಕೆರೆಗಳ ಪ್ರಶ್ನೆಗೆ ನನ್ನ ಕೊನೆಯ ವಾಕ್ಯ ಹೀಗಿತ್ತು: ‘ಆದ್ದರಿಂದ ಒಂದು ಕೆರೆ ಹೇಗೆ ಕಾಣೆಯಾಯಿತು ಎಂಬುದನ್ನು ಇತಿಹಾಸದಿಂದಲೂ, ಅಲ್ಲಿಗೆ ಬರುತ್ತಿದ್ದ ನೀರು ಈಗ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಪರಿಸರ ವಿಜ್ಞಾನದಿಂದಲೂ ತಿಳಿಯಬೇಕೆಂದಿದ್ದೇನೆ.’ ಮಾತು ಎಲ್ಲಿಗೇ ಹೋಗಿದ್ದರೂ ಸಮಯ ಆಯಿತೆನ್ನಿಸಿದಾಗ ಈ ವಾಕ್ಯಕ್ಕೆ ಹಾರಿ ನಿಲ್ಲಬಹುದಿತ್ತು. ಸಮಯವೆಂದರೆ ಒಂದೂವರೆ ನಿಮಿಷ. ಅಮ್ಮ ಇಡ್ಲಿಗೆ ಇಡುವ ಟೈಮರನ್ನೇ ಇದಕ್ಕೂ ಇಟ್ಟುಕೊಂಡಿದ್ದೆವು. ಒಂದೂವರೆ ನಿಮಿಷ ಎಷ್ಟು ಉದ್ದವೆಂಬ ಅಂದಾಜು ನನಗೆ ಹುಟ್ಟಿನಿಂದಲೂ ಇಲ್ಲ, ಕಾಲದ ಅಂದಾಜು ತಪ್ಪುವುದು ಎಡಿಎಚ್‌ಡಿ ಇರುವವರಲ್ಲಿ ಸಾಮಾನ್ಯ. ಟೈಮರ್ ಕೂಗಿದಾಗ ಮೊದಮೊದಲು ನಾನಿನ್ನೂ ಪೀಠಿಕೆಯಲ್ಲೇ ಇರುತ್ತಿದ್ದೆ. ಬರಬರುತ್ತ, ಮೂರು ವಿಷಯ ಹೇಳಿದರೆ ಅಷ್ಟು ಹೊತ್ತು ಆಗಿರುತ್ತದೆ ಎಂಬ ಲೆಕ್ಕ ಸಿಕ್ಕಿತು. ಆಮೇಲೆ ಸಮಯವನ್ನು ಬಿಟ್ಟು ವಿಷಯಗಳನ್ನೇ ಮೇಜಿನ ಕೆಳಗೆ ಬೆರಳಲ್ಲಿ ಎಣಿಸತೊಡಗಿದೆ.

ನಿಲ್ಲಿಸಿದ ಮೇಲಿನ ಮೌನ ಇದಕ್ಕಿಂತ ಕಷ್ಟದ್ದು. ಉತ್ತರ ಮುಗಿಸಿ ಸುಮ್ಮನಾದರೆ ಎದುರಿನವರು ತಕ್ಷಣ ಏನನ್ನೂ ಹೇಳುವುದಿಲ್ಲ. ಬರೆದುಕೊಳ್ಳುತ್ತಾರೆ, ಒಬ್ಬರನ್ನೊಬ್ಬರು ನೋಡುತ್ತಾರೆ. ಆ ಎರಡು ಮೂರು ಸೆಕೆಂಡಿನ ಬಿಡುವನ್ನು ತುಂಬಲು ನನ್ನ ನಾಲಗೆ ‘ಅಂದರೆ’ ಎಂದು ಹೊರಟುಬಿಡುತ್ತಿತ್ತು, ಹೊರಟರೆ ಮತ್ತೆ ಹೆಸರಘಟ್ಟಕ್ಕೆ. ಅತ್ತೆ ಇದನ್ನು ಗಮನಿಸಿ, ಬೇಕೆಂದೇ ಕಾಫಿ ಲೋಟ ಎತ್ತಿಕೊಂಡು ನಿಧಾನವಾಗಿ ಗುಟುಕರಿಸುತ್ತ ನನ್ನನ್ನೇ ನೋಡುತ್ತ ಕೂರುತ್ತಿದ್ದರು. ಅವರು ಲೋಟ ಕೆಳಗಿಡುವವರೆಗೆ ನಾನು ಬಾಯಿ ಬಿಡಬಾರದು. ನೋಡುವವರಿಗೆ ಇದು ಮಕ್ಕಳಾಟದಂತೆ ಕಂಡಿರಬಹುದು, ನನ್ನ ತಮ್ಮನಂತೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಅತ್ಯಂತ ದಣಿವು ತಂದದ್ದೂ ಅತ್ಯಂತ ಉಪಯೋಗಕ್ಕೆ ಬಂದದ್ದೂ ಇದೇ.

ಇನ್ನು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುವುದು. ‘ಇದು ಯಾಕೆ ಹೀಗಾಯಿತು, ಮತ್ತು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬಂತಹ ಎರಡು ಭಾಗದ ಪ್ರಶ್ನೆಗಳಲ್ಲಿ ಮೊದಲ ಭಾಗಕ್ಕೆ ಉತ್ತರಿಸುವಷ್ಟರಲ್ಲಿ ಎರಡನೆಯದು ನನ್ನ ತಲೆಯಲ್ಲಿ ಉಳಿದಿರುವುದಿಲ್ಲ. ಕೇಳಿದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೆಲಸ ಮಾಡುವ ನೆನಪಿನ ಶಕ್ತಿ ಎಡಿಎಚ್‌ಡಿಯಲ್ಲಿ ಹೆಚ್ಚಾಗಿ ದುರ್ಬಲವಾಗಿರುತ್ತದೆ. ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಅವರು ಎಡಿಎಚ್‌ಡಿಯನ್ನು ತಿಳಿವಳಿಕೆಯ ಕೊರತೆಯಾಗಿ ನೋಡುವುದಿಲ್ಲ. ತಿಳಿದದ್ದನ್ನು ಬೇಕಾದ ಹೊತ್ತಿನಲ್ಲಿ ಕಾರ್ಯಕ್ಕೆ ಇಳಿಸಲಾಗದ ತೊಂದರೆ ಅದು ಎನ್ನುತ್ತಾರೆ, ಆದ್ದರಿಂದ ನೆನಪಿಡಬೇಕಾದ್ದನ್ನು ತಲೆಯ ಹೊರಗೆ, ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಕಾಣುವಂತೆ ಇಡಬೇಕೆಂಬುದು ಅವರ ಸಲಹೆ. ನನ್ನ ವೈದ್ಯರೂ ಇದನ್ನೇ ಸರಳವಾಗಿ ಹೇಳಿದ್ದರು: ಬರೆದುಕೋ. ಅತ್ತೆ ಪ್ರಶ್ನೆ ಕೇಳುತ್ತಿರುವಾಗ ಚಿಕ್ಕ ಕಾಗದದ ಮೇಲೆ ಪ್ರತಿ ಭಾಗಕ್ಕೆ ಒಂದೊಂದೇ ಪದ ಗೀಚಿಕೊಳ್ಳತೊಡಗಿದೆ. ಇದರಿಂದ ನಾನು ಎಣಿಸಿರದ ಇನ್ನೊಂದು ಲಾಭವಾಯಿತು. ಕೈ ಬರೆಯುತ್ತಿರುವಾಗ ಬಾಯಿ ಕಾಯುತ್ತದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಬೀಳುವುದು ಬಹುಮಟ್ಟಿಗೆ ನಿಂತಿತು. ಆದರೂ ಎರಡನೆಯ ಭಾಗ ತಪ್ಪಿದರೆ ಹೇಳಲು ಒಂದು ವಾಕ್ಯವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕಲಿತಿಟ್ಟುಕೊಂಡೆ: ‘ಪ್ರಶ್ನೆಯ ಎರಡನೆಯ ಭಾಗವನ್ನು ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?’ ಇಷ್ಟು ಚಿಕ್ಕ ವಾಕ್ಯವನ್ನು ಕಲಿಯಬೇಕೇ ಎನ್ನಿಸಬಹುದು. ಗಾಬರಿಯಲ್ಲಿರುವಾಗ ನನಗೆ ಹೊಳೆಯುವುದು ಕ್ಷಮೆ ಕೇಳುವ ಮಾತುಗಳು ಮಾತ್ರ, ಅವು ಒಮ್ಮೆ ಶುರುವಾದರೆ ಮುಗಿಯುವುದಿಲ್ಲ.

ಅತ್ತೆ ಬಾರದ ದಿನ ಒಬ್ಬಳೇ ಕೊಠಡಿಯಲ್ಲಿ ಕುಳಿತು ಅಭ್ಯಾಸ ಮಾಡುವುದು ನನ್ನಿಂದಾಗದ ಕೆಲಸ. ಬೆಳಗ್ಗೆ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಡೆಯುತ್ತ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ. ಇಯರ್‌ಫೋನಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ, ವಾಕಿಂಗಿಗೆ ಬಂದ ಹಿರಿಯರು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿದ್ದಾಳೆ ಎಂದುಕೊಳ್ಳಲಿ ಎಂದಷ್ಟೇ. ಕಾಲು ನಡೆಯುತ್ತಿದ್ದರೆ ನನ್ನ ಮಾತು ಒಂದು ದಾರಿಯಲ್ಲಿರುತ್ತದೆ. ಸಂಜೆ ಓದುವ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ತನ್ನ ಸಿಇಟಿ ಪುಸ್ತಕಗಳನ್ನು ತಂದು ನಮ್ಮ ಮೇಜಿನಲ್ಲೇ ಕೂರುತ್ತಿದ್ದಳು. ಒಬ್ಬರಿಗೊಬ್ಬರು ಮಾತಿಲ್ಲ, ಅವಳು ಲೆಕ್ಕ ಮಾಡುತ್ತಿದ್ದಳು, ನಾನು ಅರ್ಜಿಯೊಡನೆ ಕಳಿಸಿದ್ದ ನನ್ನ ಉದ್ದೇಶ ಪತ್ರವನ್ನು ಓದಿ ಅದರ ಪ್ರತಿ ವಾಕ್ಯದಿಂದ ಏನು ಪ್ರಶ್ನೆ ಹುಟ್ಟಬಹುದೆಂದು ಅಂಚಿನಲ್ಲಿ ಬರೆಯುತ್ತಿದ್ದೆ. ಇನ್ನೊಬ್ಬರು ಎದುರಿಗೆ ಕುಳಿತು ಕೆಲಸ ಮಾಡುತ್ತಿದ್ದರೆ ನನ್ನ ಕೆಲಸವೂ ಸಾಗುತ್ತದೆ, ಅವರು ಎದ್ದು ಹೋದ ಕೂಡಲೇ ನಿಲ್ಲುತ್ತದೆ. ಎಡಿಎಚ್‌ಡಿ ಇರುವ ಬಹಳ ಮಂದಿ ಇದನ್ನು ಕಂಡುಕೊಂಡಿದ್ದಾರೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡ ಪ್ರಶ್ನೆ ಇನ್ನೊಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಶೇ. 91 ಬಂದಿತ್ತು, ಮೊದಲ ಪಿಯುಸಿಯಲ್ಲಿ ಶೇ. 58, ಎರಡನೆಯದರಲ್ಲಿ ಶೇ. 84. ಅಂಕಪಟ್ಟಿಯನ್ನು ನೋಡಿದವರು ಯಾರಾದರೂ ನಡುವಿನ ಆ ವರ್ಷದ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಡಿಎಚ್‌ಡಿಯ ವಿಚಾರ ಹೇಳಬೇಕೇ, ಬೇಡವೇ? ಅಪ್ಪನಿಗೆ ಹೇಳುವುದು ಸುತರಾಂ ಇಷ್ಟವಿರಲಿಲ್ಲ. ‘ಅವರು ಕೇಳದೇ ಇರೋದನ್ನ ನಾವಾಗೇ ಯಾಕೆ ಹೇಳ್ಕೋಬೇಕು?’ ಎನ್ನುವುದು ಅವರ ವಾದ. ಕಾನೂನು ಏನನ್ನುತ್ತದೆಂದು ನೋಡಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಅದರಲ್ಲಿವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಅಂದರೆ ಹಕ್ಕಿನಿಂದ ಕೇಳಿ ಪಡೆಯುವುದು ನನಗೆ ಸುಲಭವಿರಲಿಲ್ಲ, ವಿನಂತಿಸಿಕೊಳ್ಳಬಹುದಿತ್ತು. ಹೀಗಾಗಿ ವಿಷಯವನ್ನು ಎರಡು ಭಾಗ ಮಾಡಿದೆ. ಪ್ರವೇಶ ವಿಭಾಗಕ್ಕೆ ಒಂದು ಚಿಕ್ಕ ಇಮೇಲ್ ಬರೆದು, ನನಗೆ ಎಡಿಎಚ್‌ಡಿ ಇದೆ, ಸಾಧ್ಯವಿದ್ದರೆ ಬೆಳಗಿನ ಹೊತ್ತಿನ ಸಂದರ್ಶನ ಕೊಡಿ, ಒಳಗೆ ಕಾಗದ ಪೆನ್ನು ಇಟ್ಟುಕೊಳ್ಳಲು ಅವಕಾಶ ಕೊಡಿ ಎಂದು ಕೇಳಿದೆ. ಕಾಗದ ಪೆನ್ನಿಗೆ ಯಾರ ಅನುಮತಿಯೂ ಬೇಕಿಲ್ಲ, ಸಮಯವನ್ನು ಹನ್ನೊಂದು ಗಂಟೆಗೆ ಬದಲಿಸಿದ್ದೇವೆ ಎಂದು ಮರುದಿನವೇ ಉತ್ತರ ಬಂತು. ಇಮೇಲಿನಲ್ಲಿ ನಾನು ತೊಂದರೆಯ ಕಥೆಯನ್ನೆಲ್ಲ ಬರೆಯದೆ ಬೇಕಾದ್ದನ್ನು ಮಾತ್ರ ಕೇಳಿದ್ದು ಸರಿಯಾಯಿತೆಂದು ಈಗಲೂ ಅನ್ನಿಸುತ್ತದೆ. ಕಚೇರಿಯಲ್ಲಿ ಕುಳಿತವರಿಗೆ ಏನು ಮಾಡಿಕೊಡಬೇಕೆಂದು ತಿಳಿದರೆ ಮಾಡಿಕೊಡುವುದು ಸುಲಭ.

ಸಂದರ್ಶಕರ ಎದುರು ಮಾತ್ರ, ಅಂಕಗಳ ಬಗ್ಗೆ ಕೇಳಿದರಷ್ಟೇ ಹೇಳುವುದೆಂದು ತೀರ್ಮಾನಿಸಿ, ಅದಕ್ಕೂ ಮೂರೇ ವಾಕ್ಯ ಇಟ್ಟುಕೊಂಡೆ: ಆ ವರ್ಷ ಏನಾಯಿತು, ಯಾವಾಗ ಪತ್ತೆಯಾಯಿತು, ಆಮೇಲೆ ಓದುವ ಕ್ರಮದಲ್ಲಿ ಏನನ್ನು ಬದಲಿಸಿದೆ. ಕಣ್ಣೀರು ತರಿಸುವ ನಾಲ್ಕನೆಯ ವಾಕ್ಯವೊಂದು ತಾನಾಗಿಯೇ ಹುಟ್ಟಿಕೊಂಡಿತ್ತು. ಅತ್ತೆ ಅದನ್ನು ಹೊಡೆದುಹಾಕಿದರು.

ಔಷಧದ ವಿಚಾರವನ್ನು ಬರೆಯದೆ ಬಿಟ್ಟರೆ ಈ ತಯಾರಿಯ ಒಂದು ಭಾಗವನ್ನೇ ಬಿಟ್ಟಂತೆ. ನಾನು ತೆಗೆದುಕೊಳ್ಳುವುದು ಮಿಥೈಲ್‌ಫೆನಿಡೇಟ್. ನಮ್ಮ ದೇಶದಲ್ಲಿ ಇದು ಷೆಡ್ಯೂಲ್ ಎಕ್ಸ್‌ಗೆ, ಅಂದರೆ ಮಾರಾಟದ ಮೇಲೆ ಬಿಗಿ ನಿಯಂತ್ರಣವಿರುವ ಔಷಧಗಳ ಪಟ್ಟಿಗೆ, ಸೇರಿದ್ದು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಅದರಲ್ಲೊಂದನ್ನು ಅಂಗಡಿಯವರು ಎರಡು ವರ್ಷ ಕಾಪಿಡಬೇಕು. ಎಲ್ಲ ಮೆಡಿಕಲ್ ಶಾಪುಗಳಲ್ಲಿ ಇದು ಸಿಗುವುದಿಲ್ಲ, ಸಿಗುವ ಕಡೆಯೂ ಕೆಲವೊಮ್ಮೆ ದಾಸ್ತಾನು ಮುಗಿದಿರುತ್ತದೆ. ಸಂದರ್ಶನದ ವಾರದಲ್ಲಿ ಮಾತ್ರೆ ಮುಗಿದುಹೋಗದಂತೆ ಮುಂಚಿತವಾಗಿ ವೈದ್ಯರನ್ನು ಕಂಡು ಚೀಟಿ ತಂದಿಟ್ಟುಕೊಂಡದ್ದು ಅಮ್ಮ. ನಾನು ತೆಗೆದುಕೊಳ್ಳುವ ಬಗೆಯ ಮಾತ್ರೆಯ ಪರಿಣಾಮ ಮೂರು ನಾಲ್ಕು ಗಂಟೆ ಮಾತ್ರ ಇರುತ್ತದೆ. ಬೆಳಗಿನ ಸಮಯವನ್ನು ಕೇಳಲು ಅದೂ ಒಂದು ಕಾರಣ. ಯಾವ ಹೊತ್ತಿಗೆ ತೆಗೆದುಕೊಂಡರೆ ಹನ್ನೊಂದಕ್ಕೆ ಸರಿಹೋಗುತ್ತದೆಂದು ವೈದ್ಯರೇ ಹೇಳಿದರು, ಮತ್ತು ಅದೇ ಹೊತ್ತಿಗೆ ತೆಗೆದುಕೊಂಡು ಅತ್ತೆಯ ಎದುರು ಒಮ್ಮೆ ಪೂರ್ತಿ ಸಂದರ್ಶನ ನಡೆಸಿ ನೋಡು ಎಂದರು. ಮಾತ್ರೆಯ ಜೊತೆ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದರೆ ನನಗೆ ಎದೆ ಡವಗುಟ್ಟುತ್ತದೆ ಎಂಬುದು ಆ ಪ್ರಯೋಗದಲ್ಲೇ ತಿಳಿದದ್ದರಿಂದ, ಆ ದಿನಕ್ಕೆ ಕಾಫಿಗೆ ರಜೆ ಕೊಟ್ಟೆವು. ಮಾತ್ರೆ ಗಮನವನ್ನು ಕೊಡುತ್ತದೆ, ಆದರೆ ಆ ಗಮನವನ್ನು ಎಲ್ಲಿಡಬೇಕೆಂದು ಅದು ಹೇಳುವುದಿಲ್ಲ. ಅಭ್ಯಾಸವಿಲ್ಲದೆ ಮಾತ್ರೆಯನ್ನಷ್ಟೇ ನೆಚ್ಚಿಕೊಂಡಿದ್ದರೆ ಇನ್ನಷ್ಟು ಏಕಾಗ್ರತೆಯಿಂದ ಹೆಸರಘಟ್ಟದ ಬಗ್ಗೆ ಮಾತನಾಡುತ್ತಿದ್ದೆ.

ಕಾಗದಪತ್ರಗಳಿಗೆ ಒಂದೇ ಫೈಲು, ಅದು ಇರುವುದು ಬಾಗಿಲ ಪಕ್ಕದ ಮೊಳೆಯ ಮೇಲೆ, ಒಳಗಿರುವುದರ ಪಟ್ಟಿ ಫೈಲಿನ ಹೊರಗೆ. ಅಂಕಪಟ್ಟಿಗಳ ಪ್ರತಿ ಡಿಜಿಲಾಕರಿನಲ್ಲೂ ಇತ್ತು. ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ.

ದಾರಿಯ ಬಗ್ಗೆ ಇದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಮಾರ್ಗಕ್ಕೆ ಬದಲಿಸಬೇಕು. ಅಲ್ಲಿ ಜನರ ನಡುವೆ ನಡೆಯುತ್ತ ಏನನ್ನೋ ಯೋಚಿಸಿಕೊಂಡು ಚಲ್ಲಘಟ್ಟದ ಬದಲು ವೈಟ್‌ಫೀಲ್ಡ್ ಕಡೆಯ ಗಾಡಿ ಹತ್ತುವುದು ನನಗೆ ಹೊಸದಲ್ಲ. ಹಿಂದಿನ ವಾರ ಅದೇ ಹೊತ್ತಿಗೆ ಹೊರಟು, ವಿಶ್ವವಿದ್ಯಾಲಯದ ಗೇಟಿನವರೆಗೆ ಒಮ್ಮೆ ಹೋಗಿಬಂದೆ. ಫೋನಿನ ನಕ್ಷೆ ತೋರಿಸುವ ಸಮಯದಲ್ಲಿ ಚಪ್ಪಲಿ ಹುಡುಕುವುದು, ಮೆಟ್ರೊ ಬಾಗಿಲಲ್ಲಿ ಬ್ಯಾಗು ತಪಾಸಣೆಯ ಸಾಲು, ಮೆಜೆಸ್ಟಿಕ್‌ನಲ್ಲಿ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ನಡೆಯುವುದು ಯಾವುದೂ ಸೇರಿರುವುದಿಲ್ಲ. ಇವನ್ನೆಲ್ಲ ಸೇರಿಸಿ, ಹನ್ನೊಂದರಿಂದ ಹಿಂದಕ್ಕೆ ಎಣಿಸುತ್ತ, ಎಷ್ಟು ಗಂಟೆಗೆ ಎಲ್ಲಿರಬೇಕೆಂದು ಒಂದು ಚೀಟಿ ಬರೆದೆ. ಅಮ್ಮ ಅದರ ಮೊದಲ ಸಾಲಿಗೆ ಇನ್ನೊಂದಿಷ್ಟು ಸಮಯವನ್ನು ಸೇರಿಸಿ ತಿದ್ದಿದರು.

ಸಂದರ್ಶನದ ಕೊಠಡಿಯಲ್ಲಿ ನಾನು ಎಣಿಸಿರದ ಒಂದೇ ಸಂಗತಿಯೆಂದರೆ ಕುರ್ಚಿ. ಮನೆಯಲ್ಲಿ ಊಟದ ಮೇಜಿನ ಮರದ ಕುರ್ಚಿಯಲ್ಲಿ ಅಭ್ಯಾಸ ಮಾಡಿದ್ದೆ, ಅಲ್ಲಿದ್ದುದು ಗಿರಗಿರನೆ ತಿರುಗುವ, ಗಾಲಿಗಳಿರುವ ಕುರ್ಚಿ. ಕುಳಿತ ಕ್ಷಣವೇ ಅದು ಎಡಕ್ಕೂ ಬಲಕ್ಕೂ ಆಡತೊಡಗಿತು, ಅಂದರೆ ನಾನು ಆಡಿಸತೊಡಗಿದೆ. ಎರಡೂ ಪಾದಗಳನ್ನು ಕುರ್ಚಿಯ ಕಾಲುಗಳ ಹಿಂದೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ದುಪಟ್ಟಾದ ಅಂಚನ್ನು ಹಿಡಿದುಕೊಂಡೆ. ಬಲಗೈಯಲ್ಲಿ ಪೆನ್ನು.

ಮಾತು ಇಂಗ್ಲಿಷಿನಲ್ಲಿ ಆರಂಭವಾಯಿತು. ‘ಇಲ್ಲಿಗೆ ಹೇಗೆ ಬಂದಿರಿ?’ ಎಂದು ನಡುವೆ ಕುಳಿತಿದ್ದ ಮೇಡಂ ಕೇಳಿದರು, ಹುಡುಗರ ಗಾಬರಿ ಕಡಿಮೆ ಮಾಡಲು ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಮೆಟ್ರೊದಲ್ಲಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಬಂದೆ ಎನ್ನುವಾಗಲೇ ಧರ್ಮಾಂಬುಧಿ ನಾಲಗೆಯ ತುದಿಗೆ ಬಂದು ನಿಂತಿತ್ತು. ‘ಹಿಂದೆ ಕೆರೆ ಇದ್ದ ಜಾಗದ ಪಕ್ಕದಲ್ಲೇ ಗಾಡಿ ಬದಲಿಸಿದೆ’ ಎಂದು ಒಂದು ವಾಕ್ಯ ಹೇಳಿ, ಪೆನ್ನಿನ ತುದಿಯನ್ನು ಕಾಗದಕ್ಕೆ ಒತ್ತಿ ಹಿಡಿದು, ನಿಲ್ಲಿಸಿದೆ. ಯಾರೂ ಮಾತನಾಡಲಿಲ್ಲ. ಅತ್ತೆಯ ಕಾಫಿ ಲೋಟದಷ್ಟು ಹೊತ್ತಾದ ಮೇಲೆ ಬಲಗಡೆಯ ಸರ್ ಮುಂದಕ್ಕೆ ಬಾಗಿ, ‘ಯಾವ ಕೆರೆ?’ ಎಂದು ಕನ್ನಡದಲ್ಲಿ ಕೇಳಿದರು. ಮುಂದಿನ ಹತ್ತು ನಿಮಿಷ ಅವರೇ ಒಂದೊಂದಾಗಿ ಪ್ರಶ್ನೆ ಕೇಳುತ್ತ ನನ್ನನ್ನು ಸಂಪಂಗಿಗೂ ಬೆಳ್ಳಂದೂರಿಗೂ ಕರೆದೊಯ್ದರು. ಊಟದ ಮೇಜಿನಲ್ಲಿ ನಾನು ಒಂದೇ ಉಸಿರಿಗೆ ಸುರಿದಿದ್ದ ಅವೇ ಸಂಗತಿಗಳನ್ನು ಇಲ್ಲಿ ಅವರು ಕೇಳಿ ಪಡೆಯುತ್ತಿದ್ದರು.

ಆಮೇಲೆ ಕಷ್ಟದ ಪ್ರಶ್ನೆ ಬಂತು. ಕೆರೆಯ ಒತ್ತುವರಿ ತೆರವುಗೊಳಿಸುವಾಗ ಅಲ್ಲಿ ಸಣ್ಣ ಮನೆ ಕಟ್ಟಿಕೊಂಡಿರುವವರನ್ನೂ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿದವರನ್ನೂ ಒಂದೇ ರೀತಿ ಕಾಣಬೇಕೇ, ಅದನ್ನು ತೀರ್ಮಾನಿಸಬೇಕಾದವರು ಯಾರು, ಮತ್ತು ಇದರಲ್ಲಿ ಇತಿಹಾಸ ಓದಿದವರಿಗೆ ಏನು ಕೆಲಸ? ನನ್ನ ಕಾಗದದ ಮೇಲೆ ‘ಒಂದೇ? – ಯಾರು – ಇತಿಹಾಸ’ ಎಂದು ಬಿದ್ದಿತ್ತು. ಮೊದಲಿನ ಎರಡಕ್ಕೆ ಉತ್ತರಿಸುವಷ್ಟರಲ್ಲಿ ಕಿಟಕಿಯಾಚೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಶುರುವಾಗಿ ನಾನು ಅದರ ಹಿಂದೆ ಹೋಗಿಬಿಟ್ಟೆ. ಮರಳಿದಾಗ ಕಾಗದದ ಮೇಲೆ ಮೂರನೆಯ ಪದ ಕಾಯುತ್ತಿತ್ತು. ಹಳೆಯ ಸರ್ವೆ ನಕ್ಷೆಗಳನ್ನೂ ಕಂದಾಯ ದಾಖಲೆಗಳನ್ನೂ ಓದಬಲ್ಲವರಿಲ್ಲದೆ ಕೆರೆಯ ಗಡಿ ಎಲ್ಲಿತ್ತೆಂಬ ವಾದವೇ ತೀರುವುದಿಲ್ಲ ಎಂದೆ. ಮೇಡಂ ಬರೆದುಕೊಂಡರು. ಅಂಕಗಳ ಪ್ರಶ್ನೆಯೂ ಬಂತು. ಮೂರು ವಾಕ್ಯ ಹೇಳಿದೆ. ‘ಓದುವ ಕ್ರಮದಲ್ಲಿ ಏನು ಬದಲಿಸಿದಿರಿ?’ ಎಂದು ಒಂದೇ ಮರುಪ್ರಶ್ನೆ ಕೇಳಿ, ಪಕ್ಕದ ಮನೆಯ ಹುಡುಗಿಯ ವಿಚಾರಕ್ಕೆ ನಕ್ಕು, ಅವರು ಮುಂದಕ್ಕೆ ಹೋದರು.

ನಿಮಗೇನಾದರೂ ಕೇಳುವುದಿದೆಯೇ ಎಂದಾಗ ಕಾಗದದ ಹಿಂಬದಿಯಲ್ಲಿ ಮನೆಯಿಂದಲೇ ಬರೆದುತಂದಿದ್ದ ಎರಡು ಪ್ರಶ್ನೆಗಳನ್ನು ಓದಿದೆ. ಕ್ಷೇತ್ರಕಾರ್ಯ ಯಾವ ವರ್ಷದಿಂದ ಆರಂಭವಾಗುತ್ತದೆ, ಮತ್ತು ಲಿಖಿತ ಪರೀಕ್ಷೆಯಲ್ಲಿ ನನ್ನಂಥವರಿಗೆ ಹೆಚ್ಚುವರಿ ಸಮಯ ಸಿಗುತ್ತದೆಯೇ. ಮೊದಲನೆಯದಕ್ಕೆ ಸರ್ ಉತ್ತರಿಸಿದರು. ಎರಡನೆಯದಕ್ಕೆ, ವೈದ್ಯರ ಪತ್ರದೊಡನೆ ಸೆಮಿಸ್ಟರ್ ಶುರುವಾದ ಕೂಡಲೇ ಅರ್ಜಿ ಕೊಡಬೇಕು, ಪರೀಕ್ಷೆ ಹತ್ತಿರ ಬಂದಾಗ ಕೊಟ್ಟರೆ ಆಗುವುದಿಲ್ಲ ಎಂದು ಮೇಡಂ ಹೇಳಿ, ಹೇಳಿದ್ದನ್ನು ನಾನು ಬರೆದುಕೊಳ್ಳುವವರೆಗೆ ಕಾದರು.

ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಇತ್ತು. ಶುಲ್ಕ ಕಟ್ಟಲು ಸಾಕಷ್ಟು ಕಾಲಾವಕಾಶ ಕೊಟ್ಟಿದ್ದರು. ಆ ಕಾಲಾವಕಾಶವನ್ನು ನಂಬದೆ, ಅಪ್ಪ ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಅವರ ಪಕ್ಕದಲ್ಲಿ ಕುಳಿತು ಮೊದಲ ಕಂತನ್ನು ಕಟ್ಟಿಸಿದೆ, ಹೆಚ್ಚುವರಿ ಸಮಯದ ಅರ್ಜಿಗೆ ವೈದ್ಯರ ಪತ್ರ ತರಬೇಕೆಂದು ಅಮ್ಮನ ಫೋನಿನಲ್ಲೂ ಒಂದು ಅಲಾರಂ ಇಟ್ಟೆ.